ಬರಿದಾಗದ ಬಾಟಲಿ

ಆಸ್ಪತ್ರೆಯ ಲ್ಯಾಬಿನಿಂದ,
ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಗುಬ್ಬಿಮರಿಗೆ,

ಹೇಗಿದ್ದೀಯಮ್ಮ? ಹೊಟ್ಟೆಯ ಹೊಲಿಗೆ ನೋಯುತ್ತಿಲ್ಲ ತಾನೇ? ಸುಮ್ಮನೆ ಕೇಳಿದೆ. ಪಾಪು ನಿದ್ದೆಗೆಡಿಸುತ್ತಾನೆಂದು ದೂರಿದ್ದೀಯ. ನೀನು ನನಗೆ ಕೊಟ್ಟಿದ್ದನ್ನು ಅವನು ಬಡ್ಡಿ ಸಮೇತ ತೀರಿಸುತ್ತಿದ್ದಾನೆ ಬಿಡು. ಮನೆಯಲ್ಲಿ ಒಂದು ಹಣ್ಣೂ ಇಲ್ಲದಿದ್ದರೂ ಕೋಣೆಯಲ್ಲಿ ದ್ರಾಕ್ಷಿಯ ವಾಸನೆ ಬರುತ್ತದೆ ಎಂದು ಬರೆದಿದ್ದೆಯಲ್ಲ, ಓದಿ ನಿನ್ನ ಅಮ್ಮ ನಕ್ಕಿದ್ದೇ ನಕ್ಕಿದ್ದು. "ಬಾಣಂತಿ ಬಾಯಿಗೆ ಏನೇನೋ ಬೇಕನ್ಸುತ್ತೆ, ಮೂಗಿಗೂ ಹಾಗೇ ಇರ್ಬೇಕು" ಅಂದಳು.

ಈಗ ಇಲ್ಲಿ ಯಾರಿಗೂ ನಗು ಬರುತ್ತಿಲ್ಲ. ಅಮ್ಮ ನರ್ಸ್ ಆಗಿರುವ ವಾರ್ಡಿನಲ್ಲಿ ಆಪರೇಷನ್ ಆದವರ ಗಾಯಗಳು ಕೂಡಿಕೊಂಡ ಹಾಗೆ ಕಂಡು ಮತ್ತೆ ಬಾಯಿ ಬಿಡುತ್ತಿವೆ. ಹರ್ನಿಯಾದ ಮೇಷ್ಟ್ರೊಬ್ಬರು ಎಲ್ಲರಿಗೂ ಹೇಳಿ ಮನೆಗೆ ಹೊರಟವರು ಬಾಗಿಲಲ್ಲೇ ನಿಂತು ಅಂಗಿ ಮುಟ್ಟಿ ನೋಡಿಕೊಂಡರು. ಒದ್ದೆಯಾಗಿತ್ತು, ಹಸಿರಾಗಿತ್ತು. ಮೊನ್ನೆ ತೀರಿಕೊಂಡರು.

ಅವರ ಕೀವನ್ನು ನಾನೇ ತಟ್ಟೆಯಲ್ಲಿ ಬೆಳೆಸಿದೆ. ಚಿಕ್ಕವಳಿದ್ದಾಗ ನಿನಗೆ ತೋರಿಸಿದ್ದೆನಲ್ಲ, ಕ್ರಿಮಿ ಬಳಿದ ತಟ್ಟೆಯ ಮೇಲೆ ಬೇರೆ ಬೇರೆ ಔಷಧಿಯಲ್ಲಿ ಅದ್ದಿದ ಕಾಗದದ ಬಿಲ್ಲೆಗಳನ್ನು ಇಡುತ್ತೇವೆ. ಔಷಧಿ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಕ್ರಿಮಿ ಬೆಳೆಯದೆ ಖಾಲಿ ಬಳೆ ಮೂಡುತ್ತದೆ. ನೀನು ಅದನ್ನು ಚಂದ್ರ ಅನ್ನುತ್ತಿದ್ದೆ. ಈ ಸಲ ಮುಚ್ಚಳ ತೆಗೆದರೆ ಒಂದೂ ಚಂದ್ರನಿಲ್ಲ. ನಮ್ಮಲ್ಲಿರುವ ಔಷಧಿಗಳೆಲ್ಲ ಸೋತಿದ್ದವು. ಹಸಿರು ಪದರವು ಪ್ರತಿ ಬಿಲ್ಲೆಗೂ ಒತ್ತಿಕೊಂಡು ಕುಳಿತಿತ್ತು, ಒಲೆಯ ಮುಂದೆ ಚಳಿ ಕಾಯಿಸುವವರ ಹಾಗೆ. ಜೊತೆಗೆ ದ್ರಾಕ್ಷಿಯ ವಾಸನೆ. ನನಗೆ ನಿಜಕ್ಕೂ ಭಯವಾಯಿತು, ಗುಬ್ಬಿ. ಇಲ್ಲಿಂದ ಹೊರಟಾಗ ನಿನ್ನ ಗಾಯ ಚೆನ್ನಾಗಿಯೇ ಇತ್ತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಹಾಸಿಗೆ, ನಲ್ಲಿ, ಕತ್ತರಿ ಎಲ್ಲ ಜಾಲಾಡಿದೆವು. ಕೊನೆಗೆ ಆ ಕ್ರಿಮಿ ಸಿಕ್ಕಿದ್ದು ಗಾಯ ತೊಳೆಯುವ ಔಷಧಿಯ ದೊಡ್ಡ ಬಾಟಲಿಯಲ್ಲಿ. ಅಮ್ಮನ ಪದ್ಧತಿ ಗೊತ್ತಲ್ಲ, "ನನ್ನ ವಾರ್ಡಲ್ಲಿ ಬಾಟ್ಲಿ ಬರಿದಾಗ್ಬಾರ್ದು" ಅಂತ ತಳ ಕಾಣುವ ಮೊದಲೇ ಹೊಸದನ್ನು ಸುರಿದುಬಿಡುತ್ತಾಳೆ. ಅದನ್ನು ಒಮ್ಮೆಯೂ ಖಾಲಿ ಮಾಡಿ ತೊಳೆದಿಲ್ಲ. ಕ್ರಿಮಿ ಕೊಲ್ಲುವ ನೀರಿನಲ್ಲೇ ಅವು ಸಂಸಾರ ಹೂಡಿ ಪಳಗಿಬಿಟ್ಟಿವೆ. ವಿಷಯ ತಿಳಿದಾಗಿನಿಂದ ಅವಳು ನಲ್ಲಿಯ ಕೆಳಗೆ ಕೈ ತೊಳೆಯುತ್ತಲೇ ನಿಂತಿದ್ದಾಳೆ.

ಅಳಿಯಂದಿರಿಗೆ ನನ್ನ ನಮಸ್ಕಾರ ಹೇಳು. ಪಾಪುವಿಗೆ ಅಜ್ಜನ ಮುತ್ತು. ನೀವು ಮೂವರೂ ತಣ್ಣಗಿರಿ, ನನಗಷ್ಟು ಸಾಕು.

ನಿನ್ನ ಅಪ್ಪ

ತಾ.ಕ.: ಕವರು ಅಂಟಿಸುವಾಗ ಅಮ್ಮ ಒದ್ದೆ ಕೈಯಲ್ಲೇ ಓಡಿ ಬಂದಳು. ನೀನು ಹೊರಟ ದಿನ ಅದೇ ಬಾಟಲಿಯಿಂದ ಸಣ್ಣ ಸೀಸೆ ತುಂಬಿ ನಿನ್ನ ಚೀಲದಲ್ಲಿ ಇಟ್ಟಿದ್ದಳಂತೆ, ಹೊಲಿಗೆ ಒರೆಸಿಕೊಳ್ಳಲಿ ಅಂತ. ಅದನ್ನು ಮುಟ್ಟಬೇಡ. ಈಗಲೇ ಡಾಕ್ಟರ ಹತ್ತಿರ ಹೋಗು. ನಿನ್ನ ಫೋನ್ ಹತ್ತುತ್ತಿಲ್ಲ, ಇದನ್ನು ಬಸ್ ಡ್ರೈವರ್ ಕೈಗೆ ಕೊಟ್ಟು ಕಳಿಸುತ್ತಿದ್ದೇನೆ, ಮುಂದಿನ ಬಸ್ಸಿಗೆ ನಾವಿಬ್ಬರೂ ಬರುತ್ತೇವೆ. ಪಾಪುವಿನ ಹೊಕ್ಕುಳಿಗೆ ಅದನ್ನು ಹಚ್ಚಿಲ್ಲ ತಾನೇ?