ಬಿಟ್ಟುಹೋದ ನಾಲ್ಕನೇ ಸಾಲು

ಜುಲೈ 4, ಗುರುವಾರ

ಇವತ್ತೂ ಬರೀ ಗುಂಡಿ ಹೊಲಿಯುವ ಕೆಲಸ. ಸೈನ್ಯದ ಅಂಗಿಗಳು — ಆರ್ಡರ್ ದುಪ್ಪಟ್ಟಾಗಿದೆ. ಊಟವಾದ ಮೇಲೆ ಮಷೀನುಗಳ ಸದ್ದಿಗೇ ಜೋಂಪು ಹತ್ತಿತು. ಕನಸಿನಲ್ಲಿ ಅಂಗಿಗಳೆಲ್ಲ ಹ್ಯಾಂಗರಿನಿಂದ ಇಳಿದು ಬಾಗಿಲ ಕಡೆ ನಡೆದವು. ತಮ್ಮನದು ಯಾವುದು ಅಂತ ಗೊತ್ತಾಯಿತು. ಕೊರಳ ಗುಂಡಿ ಹಾಕಿರಲಿಲ್ಲ. ಯಾವಾಗಲೂ ಹಾಗೇ, ಕತ್ತೆ.

ಗಡಿಗೆ ಹೊರಟ ದಿನ ಅವನ ಅಂಗಿಯ ಗುಂಡಿಗಳನ್ನೆಲ್ಲ ಬಿಚ್ಚಿ ನಾನೇ ಹೊಸದಾಗಿ ಹೊಲಿದುಕೊಟ್ಟಿದ್ದೆ. "ಅಕ್ಕಾ, ನಾನು ಬಿದ್ರೂ ಇವು ಬೀಳಲ್ಲ ಬಿಡು" ಅಂದ. ತಲೆಗೊಂದು ಮೊಟಕಿದೆ.

ಜುಲೈ 7, ಭಾನುವಾರ, ಮಧ್ಯಾಹ್ನ

ಚರ್ಚಿನಲ್ಲಿ ಲೋಕಶಾಂತಿಯ ಪ್ರಾರ್ಥನೆ ಓದುವ ಸರದಿ ನನ್ನದಿತ್ತು. ಪಾದ್ರಿ ಅಯ್ಯನವರು ಬರೆದುಕೊಟ್ಟ ಚೀಟಿಯಲ್ಲಿ ನಾಲ್ಕು ಸಾಲು. ನಮ್ಮ ದೇಶಕ್ಕೆ, ನಮ್ಮ ಸೈನಿಕರಿಗೆ, ಲೋಕದ ಎಲ್ಲ ಜನರಿಗೆ. ನಾಲ್ಕನೆಯದು — "ಗಡಿಯಾಚೆ ನಮ್ಮ ವಿರುದ್ಧ ನಿಂತವರನ್ನೂ ಅವರ ಮನೆಯವರನ್ನೂ ಕಾಪಾಡು, ಕರ್ತನೇ."

ಮೂರು ಓದಿದೆ. ಆಮೆನ್ ಅಂದುಬಿಟ್ಟೆ.

ಹೊರಡುವಾಗ ಅಯ್ಯನವರು ಬಾಗಿಲಲ್ಲಿ, "ಚೀಟಿ ಇಟ್ಕೊಳ್ಳಮ್ಮ. ಮುಂದಿನ ತಿಂಗಳೂ ನಿನ್ನ ಸರದಿ ಇದೆ" ಅಂದರು. ಮೈಯೆಲ್ಲ ಉರಿಯಿತು. ಅವರ ತಮ್ಮನೇನು ಗಡಿಯಲ್ಲಿ ನಿಂತಿಲ್ಲವಲ್ಲ! ಈ ನೆಲದ ಅನ್ನ ತಿಂದವಳು ನಾನು. ಆ ಸಾಲು ಬಾಯಿಂದ ಹೊರಡಲಿಲ್ಲ, ಅಷ್ಟೆ.

ಜುಲೈ 10

ಸೈನ್ಯದ ಆಫೀಸರು ಮನೆಗೆ ಬಂದಿದ್ದರು. ಕೂರಲಿಲ್ಲ. ತಮ್ಮ ಕಾಣೆಯಾಗಿದ್ದಾನಂತೆ. ಸತ್ತಿದ್ದಾನೆ ಅನ್ನಲಿಲ್ಲ — ಕಾಣೆ. ಅಮ್ಮ "ಹಾಗಾದ್ರೆ ಹುಡುಕಿ" ಅಂದಳು, ಕೊಡೆ ಕಳೆದವರಿಗೆ ಹೇಳುವ ಹಾಗೆ.

ಜುಲೈ 11

ಕೆಲಸಕ್ಕೆ ಹೋದೆ. ಬಂದೆ.

ಆಗಸ್ಟ್ 16, ಶುಕ್ರವಾರ, ಸಂಜೆ

ಬದುಕಿದ್ದಾನೆ! ಪರಿಹಾರ ಸಂಸ್ಥೆಯವರು ಪತ್ರ ತಂದುಕೊಟ್ಟರು. ಆಚೆಯವರ ಸೆರೆಯಲ್ಲಿದ್ದಾನೆ, ಕಾಲಿಗೆ ಪೆಟ್ಟಾಗಿ ಅಲ್ಲಿನ ಆಸ್ಪತ್ರೆಯಲ್ಲಿ. ಅಮ್ಮ ನಾಲ್ಕು ಸಲ ಓದಿಸಿಕೊಂಡಳು.

"ಅಕ್ಕಾ, ನಿನ್ನ ಗುಂಡಿ ಒಂದು ಬಟ್ಟೆ ಸಮೇತ ಕಿತ್ತುಬಂತು, ಬೈಬೇಡ. ಇಲ್ಲಿ ಬಟ್ಟೆ ಒಗೆಯೋ ಒಬ್ಬ ಅಜ್ಜಿ ತೇಪೆ ಹಾಕಿ ಬೇರೆ ಗುಂಡಿ ಹೊಲಿದ್ರು. ನಿನ್ನ ಹಾಗೇ ದಾರ ಮೂರು ಸುತ್ತು ಸುತ್ತಿ ಹಲ್ಲಲ್ಲೇ ಕಡೀತಾರೆ. ಮಗನ ಫೋಟೋ ತೋರಿಸಿದ್ರು, ಅವನೂ ಯೂನಿಫಾರ್ಮಿನಲ್ಲಿ. ನಮ್ಮ ದೇಶದ ಕಡೆ ಕೈ ತೋರಿಸಿ, ಖಾಲಿ ಅಂಗೈ ಬಿಚ್ಚಿದ್ರು, ಸುದ್ದಿನೇ ಇಲ್ಲ ಅನ್ನೋ ಹಾಗೆ. ಹೊಲೀತಾ ಅದೇನೋ ಗುನುಗ್ತಿದ್ರು. ಭಾಷೆ ತಿಳೀಲಿಲ್ಲ. ಕೊನೇಲಿ ಆಮೆನ್ ಅಂದ್ರು, ಅದು ತಿಳೀತು."

ಅತ್ತೆ. ಖುಷಿಗೂ, ನಾಚಿಕೆಗೂ. ಅವತ್ತು ನಾನು ಬಿಟ್ಟ ಸಾಲಿನಲ್ಲಿ ಇದ್ದವಳು ಇವಳೇ.

ಆಗಸ್ಟ್ 17

ದಿನವಿಡೀ ಮಂಪರು. ಎದುರಿನ ಮಷೀನಿನಲ್ಲಿ ಆ ಅಜ್ಜಿ ಕೂತ ಹಾಗೆ... ದಾರ ಬೇಕು ಅಂತ ಕೈ ಚಾಚಿದಳು. ಕೊಟ್ಟೆ. ಸೂಪರ್‌ವೈಸರ್ ಬಂದು, "ಯಾರಿಗಮ್ಮಾ ದಾರ ಕೊಡ್ತಿದೀಯ?" ಅಂದರು. "ತಮ್ಮ ಸಿಕ್ಕಿದಾನೆ ಸಾರ್" ಅಂದೆ. ತಾವು ಕುಡಿಯಲು ತಂದಿದ್ದ ಟೀ ನನ್ನ ಮುಂದಿಟ್ಟು ಹೋದರು.

ಆಗಸ್ಟ್ 18, ಭಾನುವಾರ, ಬೆಳಗ್ಗೆ 8

ಇವತ್ತು ನನ್ನ ಸರದಿ. ಚೀಟಿ ಬೈಬಲಿನಲ್ಲೇ ಇತ್ತು. ಮುಂದಿನ ಬೆಂಚಿನಲ್ಲಿ ಹವಾಲ್ದಾರ್ ಮಾವ ಕೂತಿರುತ್ತಾರೆ, ಹೋದ ವರ್ಷ ಗಡಿಯಲ್ಲಿ ಸತ್ತ ಮಗನನ್ನು ಮಣ್ಣು ಮಾಡಿದವರು. ಅವರ ಮುಖ ನೋಡುವುದು ಹೇಗೋ.

ದೇಶ ನನ್ನದೇ. ನಾಳೆಯೂ ಸೈನ್ಯದ ಅಂಗಿಗೇ ಗುಂಡಿ ಹೊಲಿಯುತ್ತೇನೆ, ಒಂದೂ ಬೀಳದ ಹಾಗೆ. ಮೊದಲ ಸಾಲುಗಳನ್ನು ಗಟ್ಟಿಯಾಗಿಯೇ ಓದುತ್ತೇನೆ.

ನಾಲ್ಕನೆಯದನ್ನು ಅಮ್ಮನ ಮುಂದೆ ಓದಿ ನೋಡಿದೆ. ಅರ್ಧಕ್ಕೇ ನಿಲ್ಲಿಸಿ ಚೀಟಿ ಮಡಚಿದೆ.

"ಆ ಗುಂಡಿ ಹೊಲಿದಾಕೆ ಮಗನ ಹೆಸರೇನಂತೆ?"

"ಪತ್ರದಲ್ಲಿ ಇಲ್ಲಮ್ಮ."

"ನಮ್ಮವನ ಹೆಸರೇ ಹೇಳು. ದೇವರಿಗೆ ಗೊತ್ತಾಗುತ್ತೆ."

ಗಂಟೆ ಬಾರಿಸುತ್ತಿದ್ದಾರೆ. ಇನ್ನೊಂದು ಸಲ, ಬರೆದೇ ನೋಡುತ್ತೇನೆ —

ಕರ್ತನೇ, ಗಡಿಯಾಚೆ ನಮ್ಮ ವಿರುದ್ಧ ನಿಂತವರನ್ನೂ, ಆ ಅಜ್ಜಿಯನ್ನೂ, ಅವರ ಮಗನನ್ನೂ...