ಹ್ಯಾಂಡ್‌ಬ್ರೇಕ್ ಎಳೆದಿಟ್ಟು ಸುತ್ತಿಗೆ ಎತ್ತಿದವನಿಗೆ

ಇಲ್ಮರಿ ಅಣ್ಣ,

ನಿನ್ನೆ ಇಡೀ ದಿನ ನೀನು ಸುತ್ತಿಗೆಯಿಂದ ಬಡಿದರೂ ಕದಲದ ಆ ತುಕ್ಕು ಹಿಡಿದ ಬ್ರೇಕ್ ಡಿಸ್ಕನ್ನು ಬೆಳಿಗ್ಗೆ ನಾನು ಬಿಚ್ಚಿದೆ. ಹ್ಯಾಂಡ್‌ಬ್ರೇಕ್ ಎಳೆದೇ ಇತ್ತು, ಎಂಜಿನಿಯರ್ ಸಾಹೇಬರೇ. ಅದು ಒಳಗಿನಿಂದ ಹಿಡಿದಿರುವಾಗ ಹೊರಗೆ ಎಷ್ಟು ಬಡಿದರೇನು? ಅದನ್ನು ಇಳಿಸಿ, ಡಿಸ್ಕಿನ ಖಾಲಿ ತೂತುಗಳಿಗೆ ಎರಡು ಬೋಲ್ಟ್ ತಿರುಗಿಸಿದೆ, ಅವು ಒಳಗೆ ಒತ್ತಿದಂತೆ ಡಿಸ್ಕ್ ತಾನಾಗಿ ಹೊರಬಂತು. “ಶಾಲೆ ಬಿಟ್ಟೋನಿಗೇನ್ ಗೊತ್ತು, ಸುಮ್ನೆ ಟಾರ್ಚ್ ಹಿಡ್ಕೋ” ಅಂದೆಯಲ್ಲ, ಆ ತೂತು ಕಂಡದ್ದು ಅದೇ ಟಾರ್ಚಿನಲ್ಲಿ.

ಹೊಸ ಡಿಸ್ಕ್ ಹಾಕಿದ್ದೇನೆ. ಎರಡು ಗಂಟೆಗೆ ಗಾಡಿಯನ್ನು ಫಿಟ್‌ನೆಸ್ ತಪಾಸಣೆಗೆ ಒಯ್ದುಬಿಡು. ಪಾಸಾಗದಿದ್ದರೆ ನಾಳೆ ಅಜ್ಜಿಯನ್ನು ಡಯಾಲಿಸಿಸ್‌ಗೆ ಕರೆದೊಯ್ಯಲು ಗಾಡಿಯಿಲ್ಲ. ಔಲು ಪಟ್ಟಣದ ಆಸ್ಪತ್ರೆಯಲ್ಲಿ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರ್ ಹಾಕಿ ನಿಲ್ಲಿಸು. ಈ ಹಿಮದಲ್ಲಿ ಹ್ಯಾಂಡ್‌ಬ್ರೇಕ್ ಕಚ್ಚಿಕೊಳ್ಳುತ್ತದೆಂದು ಗಾಡಿಯನ್ನೇ ಓಡಿಸದ ಅಜ್ಜಿಗೂ ಗೊತ್ತು. ನಿನ್ನೆ ಕಿಟಕಿಯಿಂದ “ಹ್ಯಾಂಡ್‌ಬ್ರೇಕ್ ಇಳ್ಸ್ರೋ” ಅಂತ ಕೂಗಿ ಕೂಗಿ ಸಾಕಾಯಿತಂತೆ ಅವಳಿಗೆ. ನಿನ್ನ ಬಡಿತದಲ್ಲಿ ಯಾರಿಗೆ ಕೇಳಿಸಬೇಕು?

ಯೂಸೊ