ಆ ದಿನ ಬೇಲಿಯೊಳಗೆ ನಾನು ನೋಡಿದ್ದು

ಉಂಡೆಯ ಅಮ್ಮನವರಿಗೆ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಒಂದೂವರೆ ತಿಂಗಳು ದಿನಾ ಸಂಜೆ ಒಂದೇ ಬೇಲಿಯ ಅಕ್ಕಪಕ್ಕ ನಿಂತಿದ್ದೇವೆ, ನಿಮ್ಮ ಹೊಲಿಗೆ ಅಂಗಡಿಯಲ್ಲಿ ನನ್ನ ಕೆಲಸದ ಪ್ಯಾಂಟಿಗೆ ಒಮ್ಮೆ ಜಿಪ್ ಹಾಕಿಸಿಕೊಂಡಿದ್ದೇನೆ, ಆದರೂ ಹೆಸರು ಕೇಳಲಿಲ್ಲ. ನಾಯಿಗಳನ್ನು ಬಿಚ್ಚಿ ಬಿಡುವ ಆ ಮೈದಾನದಲ್ಲಿ ನಮಗೆಲ್ಲ ಗೊತ್ತಿರುವುದು ನಾಯಿಗಳ ಹೆಸರಷ್ಟೇ. ನೀವು ಉಂಡೆಯ ಅಮ್ಮ. ಮುದಿ ಮಚ್ಚೆಯನ್ನು ಕರೆತರುವವರು ಮಚ್ಚೆಯ ತಾತ. ನಾನು ಸಾಹೇಬನ ಅಪ್ಪ. ಈ ಪತ್ರವನ್ನು ಅಂಗಡಿಯ ಬಾಗಿಲ ಸಂದಿಯಲ್ಲಿ ತೂರಿಸಿ ಹೋಗುತ್ತೇನೆ, ಏಕೆಂದರೆ ನನ್ನ ಮುಖ ನೋಡಲು ನಿಮಗೆ ಇಷ್ಟವಿರಲಾರದು. ಇದನ್ನು ಹರಿದು ಹಾಕುವುದಾದರೂ ಸರಿ, ಪೂರ್ತಿ ಓದಿದ ಮೇಲೆ ಹರಿಯಿರಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ನೀವು ಮೊದಲು ಬಂದಾಗ ಉಂಡೆಗೆ ನಾಲ್ಕು ತಿಂಗಳು. ನೂಲಿನ ಉಂಡೆಯ ಹಾಗೆ ಸುತ್ತಿಕೊಂಡು ಮಲಗುತ್ತದೆ, ಅದಕ್ಕೇ ಆ ಹೆಸರು ಎಂದು ನೀವು ಯಾರಿಗೋ ಹೇಳುತ್ತಿದ್ದಿರಿ. ಲಸಿಕೆಗಳೆಲ್ಲ ಮುಗಿದಿದ್ದರೂ ನೀವು ಒಳಗೆ ಬರಲಿಲ್ಲ. ದೂರದ ಬೆಂಚಿನಲ್ಲಿ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾಲು ಗಂಟೆ ನೋಡಿ ಎದ್ದು ಹೋದಿರಿ. ಮರುದಿನ ಇನ್ನೊಂದಿಷ್ಟು ಹತ್ತಿರ. ಹೀಗೆ ಹತ್ತು ದಿನ. ನಾವು ಒಳಗಿನವರು ನಕ್ಕೆವು. ಟಿಕೆಟ್ ತೆಗೆದುಕೊಂಡು ಬಾಗಿಲಲ್ಲೇ ನಿಂತು ಸಿನಿಮಾ ನೋಡುವವರ ಹಾಗಿದ್ದಾರೆ ಎಂದವನು ನಾನೇ. ಆಮೇಲೆ ನಾನೇ ಬೇಲಿಯ ಹತ್ತಿರ ಬಂದು ಕರೆದೆ.

“ಬನ್ನಿ ಅಕ್ಕಾ ಒಳಗೆ. ನಮ್ಮ ಸಾಹೇಬ ಏನೂ ಮಾಡಲ್ಲ.”

“ಅವನು ಏನೂ ಮಾಡಲ್ಲ ಅಂತ ನಿಮಗೆ ಗೊತ್ತು,” ಎಂದಿರಿ ನೀವು. “ನಮ್ಮ ಮರಿಗೆ ಅದು ಗೊತ್ತಾಗಬೇಕಲ್ಲ?”

ಅಬ್ಬಾ, ಎಷ್ಟು ಪುಕ್ಕಲು ಹೆಂಗಸು ಎಂದುಕೊಂಡೆ. ನನ್ನ ಕೆಲಸ ಲಿಫ್ಟ್ ರಿಪೇರಿ. ದಿನಕ್ಕೆ ಆರೇಳು ಕಟ್ಟಡ ಸುತ್ತಿ, ಹಗ್ಗ, ಬ್ರೇಕು, ಬಾಗಿಲು ಎಲ್ಲ ಪರೀಕ್ಷಿಸಿ ಕಾರ್ಡಿನಲ್ಲಿ ಸಹಿ ಹಾಕುವವನು. ಎಚ್ಚರಿಕೆಯ ಬೆಲೆ ಏನೆಂದು ನನಗೆ ಯಾರೂ ಕಲಿಸಬೇಕಾಗಿಲ್ಲ ಎಂಬ ಜಂಬವಿತ್ತು.

ಸಾಹೇಬನ ವಿಷಯ ಹೇಳುತ್ತೇನೆ. ಮೂವತ್ತೆಂಟು ಕಿಲೋ ತೂಕ, ಆರು ವರ್ಷ. ಮೊದಮೊದಲು ನಿಜಕ್ಕೂ ಸಾಧು. ಕಳೆದ ಒಂದು ವರ್ಷದಿಂದ ಬದಲಾಗಿದ್ದ. ಬೇರೆ ನಾಯಿಗಳ ಬೆನ್ನ ಮೇಲೆ ಗಲ್ಲ ಊರಿ ನಿಲ್ಲುತ್ತಿದ್ದ. ಬಾಗಿಲು ತೆರೆದ ಕೂಡಲೇ ಹೊಸದಾಗಿ ಬಂದ ನಾಯಿಯ ಮೇಲೆ ನುಗ್ಗುತ್ತಿದ್ದ. ಸಣ್ಣ ನಾಯಿ ಓಡಿದರೆ ಅದನ್ನು ಮೂಲೆಗೆ ತಳ್ಳುವವರೆಗೆ ಬಿಡುತ್ತಿರಲಿಲ್ಲ. ಗುರ್ ಎಂದಾಗೆಲ್ಲ ನಾನು ಮೂತಿಯ ಮೇಲೆ ಒಂದು ಏಟು ಹಾಕುತ್ತಿದ್ದೆ. ಕ್ರಮೇಣ ಗುರ್ ಎನ್ನುವುದು ನಿಂತುಹೋಯಿತು, ಬುದ್ಧಿ ಬಂತು ಎಂದುಕೊಂಡೆ. ಕಂದು ನಾಯಿಯ ಹುಡುಗಿಯೊಬ್ಬಳು ಬರುವುದನ್ನು ಬಿಟ್ಟಳು. ಏಕೆ ಎಂದು ನಾನು ಕೇಳಲಿಲ್ಲ. ಕೇಳದೆಯೂ ಗೊತ್ತಿತ್ತು.

ಇನ್ನು ಆ ಬುಧವಾರ. ಸಂಜೆ ನಾಲ್ಕೂವರೆ. ನೀವು ಉಂಡೆಯನ್ನು ಬಿಚ್ಚಿಬಿಟ್ಟು ಆಡಿಸಲು ಶುರುಮಾಡಿ ಹೆಚ್ಚು ದಿನವಾಗಿರಲಿಲ್ಲ. ನಿಮ್ಮ ಕೈಯಲ್ಲಿ ಫೋನ್ ಇರಲಿಲ್ಲ, ಕಿವಿಯಲ್ಲಿ ಏನೂ ಇರಲಿಲ್ಲ. ಸೊಂಟಕ್ಕೆ ಕಟ್ಟಿದ್ದ ಚೀಲದಲ್ಲಿ ತಿಂಡಿಯ ಚೂರುಗಳಿದ್ದವು, ಚೀಲದ ಬಾಯಿ ಮುಚ್ಚಿತ್ತು. ಉಂಡೆ ಮಚ್ಚೆಯ ಜೊತೆ ಆಡುತ್ತಿತ್ತು. ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಎತ್ತಿ, ಬಾ ಎಂದು ಕರೆಯುವುದು. ಒಮ್ಮೆ ಇದು ಅಟ್ಟಿಸಿಕೊಂಡು ಹೋಗುವುದು, ಒಮ್ಮೆ ಅದು. ನಡುನಡುವೆ ಎರಡೂ ನಿಂತು ಮೈ ಕೊಡವಿಕೊಳ್ಳುವುದು. ಪ್ರತಿ ಸಲ ನಿಂತಾಗ ನೀವು ಅದನ್ನು ಕರೆದು, ಅದು ಬಂದ ಮೇಲೆ ಮತ್ತೆ ಆಡಲು ಬಿಡುತ್ತಿದ್ದಿರಿ.

ನಾನು ಹತ್ತು ಮಾರು ದೂರದಲ್ಲಿ ಫೋನಿನಲ್ಲಿದ್ದೆ. ಮಾತಾಡುತ್ತಿದ್ದದ್ದು ನನ್ನ ಹೆಂಡತಿಯ ಜೊತೆ, ಕಿಟಕಿಯ ಪರದೆಗೆ ಯಾವ ಬಣ್ಣ ಎಂಬ ವಿಷಯ. ಸಾಹೇಬ ಆಗ ನಿಂತ. ಬಾಯಿ ಮುಚ್ಚಿಕೊಂಡಿತು. ಬಾಲ ನೆಟ್ಟಗಾಗಿ ತುದಿ ಮಾತ್ರ ನಡುಗುತ್ತಿತ್ತು. ಮೈಯೆಲ್ಲ ಮುಂದಕ್ಕೆ ವಾಲಿ, ಕಣ್ಣು ಉಂಡೆಯ ಮೇಲೆ ನೆಟ್ಟಿತ್ತು. ಅಕ್ಕಾ, ನಾನದನ್ನು ನೋಡಿದೆ. ಒಂದೆರಡು ಸೆಕೆಂಡು ಅಲ್ಲ, ಕಡಿಮೆಯೆಂದರೆ ಹತ್ತು ಸೆಕೆಂಡು ನೋಡಿದೆ. ಹೆಸರು ಹಿಡಿದು ಕರೆದಿದ್ದರೆ, ನಾಲ್ಕು ಹೆಜ್ಜೆ ಹಾಕಿ ಅಡ್ಡ ನಿಂತಿದ್ದರೆ, ಅಲ್ಲಿಗೇ ಮುಗಿಯುತ್ತಿತ್ತು. ನಾನು ನಕ್ಕು ಹೆಂಡತಿಗೆ ಅದನ್ನೇ ವರ್ಣಿಸಿದೆ.

ಅವನು ನುಗ್ಗಿದಾಗ ಉಂಡೆ ಮುಖ ಬೇರೆ ಕಡೆ ತಿರುಗಿಸಿತು, ತುಟಿ ನೆಕ್ಕಿಕೊಂಡಿತು, ಬೆನ್ನ ಮೇಲೆ ಹೊರಳಿ ಹೊಟ್ಟೆ ತೋರಿಸಿತು. ಒಂದು ಮರಿ ನಾಯಿ ಶರಣು ಎಂದು ಎಷ್ಟು ಬಗೆಯಲ್ಲಿ ಹೇಳಬಹುದೋ ಅಷ್ಟೂ ಬಗೆಯಲ್ಲಿ ಹೇಳಿತು. ಆಮೇಲೆ ಹೆದರಿ ಓಡಿತು. ಓಡಿದ್ದೇ ತಡ, ಇನ್ನೆರಡು ನಾಯಿಗಳೂ ಹಿಂದೆ ಬಿದ್ದವು. ಬೇಲಿಯ ಮೂಲೆಯಲ್ಲಿ ಅದರ ಚೀರಾಟ ಕೇಳಿದಾಗ ನೀವು ಆಗಲೇ ಅಲ್ಲಿದ್ದಿರಿ. ಕೈ ಹಾಕದೆ ನಾಯಿಗಳಿಗೆಂದು ಇಟ್ಟಿದ್ದ ಬಕೆಟ್ಟಿನ ನೀರನ್ನು ಸಾಹೇಬನ ಮುಖಕ್ಕೆ ಎರಚಿ, ಮಂಡಿಯೂರಿ ಮರಿಗೆ ಅಡ್ಡವಾದಿರಿ. ನಾನು ತಲುಪಿ ಅವನ ಹಿಂಗಾಲು ಹಿಡಿದು ಎಳೆದದ್ದು ಎಲ್ಲ ಮುಗಿದ ಮೇಲೆ.

ಜನ ಸೇರಿದರು. ಉಂಡೆಯ ಕಿವಿ ಹರಿದಿತ್ತು, ದವಡೆ ಓರೆಯಾಗಿತ್ತು. ನಾವೆಲ್ಲ ಅಧ್ಯಕ್ಷರು ಎಂದು ಕರೆಯುವ ಆ ದಪ್ಪ ಕನ್ನಡಕದವರು ಏನಾಯ್ತು ಎಂದು ಕೇಳಿದರು. ಯಾವ ಚುನಾವಣೆಯೂ ಇಲ್ಲದೆ ಅಧ್ಯಕ್ಷರಾದವರು. ನನ್ನ ನಾಲಿಗೆ ನನ್ನ ಅಪ್ಪಣೆಗೂ ಕಾಯಲಿಲ್ಲ.

“ಅವರ ಕೈಯಲ್ಲಿ ತಿಂಡಿ ಇತ್ತು. ಮರಿನೇ ಮೊದಲು ಇವನ ಮೇಲೆ ಬಿತ್ತು.”

ನೀವು ತಲೆಯೆತ್ತಿ ನನ್ನನ್ನು ನೋಡಿದಿರಿ. ಹೊಲಿಗೆಯ ಏಪ್ರನ್ ಬಿಚ್ಚಿ, ಅದರಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ಕಿತ್ತು ಜೇಬಿಗೆ ಹಾಕಿಕೊಂಡು, ಉಂಡೆಯನ್ನು ಅದರಲ್ಲಿ ಸುತ್ತಿ ಹೊರಟುಹೋದಿರಿ. ಅಷ್ಟು ಗಾಬರಿಯಲ್ಲೂ ನೀವು ಸೂಜಿ ಮರೆಯಲಿಲ್ಲ. ಎರಡೇ ದಿನದಲ್ಲಿ ಗೇಟಿಗೆ ಒಂದು ಬೋರ್ಡು ಬಂತು: ಮರಿಗಳಿಗೆ ಪ್ರವೇಶವಿಲ್ಲ, ತಿಂಡಿ ತಂದವರೇ ಹೊಣೆ. ನನ್ನ ಸುಳ್ಳಿಗೆ ಬಣ್ಣ ಬಳಿದು ನೇತುಹಾಕಿದ್ದರು. ನಾಲ್ಕು ಜನ ಬಂದು ನನಗೇ ಸಮಾಧಾನ ಹೇಳಿದರು.

ಬೋರ್ಡಿನ ವಿಷಯ ಹೇಳಿದ ಸಂಜೆ, ಮನೆಯಲ್ಲಿ ತಟ್ಟೆ ಒರೆಸುತ್ತಿದ್ದ ಹೆಂಡತಿ ಬಟ್ಟೆ ಕೆಳಗಿಟ್ಟಳು.

“ನೀವು ನೋಡ್ತಾ ಇದ್ರಿ. ‘ಸಾಹೇಬ ಆ ಮರೀನ ತಿಂದುಬಿಡೋ ಹಾಗೆ ನೋಡ್ತಿದಾನೆ’ ಅಂತ ನನಗೇ ಹೇಳಿ ನಕ್ಕಿದ್ರಿ. ಆಮೇಲೆ ಅದು ಕಿರುಚಿದ್ದು ನನಗೂ ಕೇಳಿಸ್ತು.”

“ನಾಯಿ ಅಂದ್ಮೇಲೆ ಇದೆಲ್ಲ ಇದ್ದದ್ದೇ,” ಎಂದೆ.

“ನಾನು ನಾಯಿ ವಿಷಯ ಮಾತಾಡ್ತಿಲ್ಲ,” ಎಂದಳು.

ಆದರೂ ನಾನು ಹನ್ನೊಂದು ದಿನ ತಳ್ಳಿದೆ. ಹನ್ನೆರಡನೆಯ ದಿನ ಒಂದು ಕಚೇರಿ ಕಟ್ಟಡದ ಲಿಫ್ಟ್ ನೋಡಲು ಹೋಗಿದ್ದೆ. ಬ್ರೇಕಿನ ಪಟ್ಟಿ ಕಾಗದದಷ್ಟು ಸವೆದಿತ್ತು. ಲಿಫ್ಟ್ ನಿಲ್ಲಿಸುತ್ತೇನೆ ಎಂದರೆ ಅಲ್ಲಿನ ಮ್ಯಾನೇಜರು ಹೆಗಲ ಮೇಲೆ ಕೈಯಿಟ್ಟು, “ಇಷ್ಟು ದಿನ ಏನೂ ಆಗಿಲ್ವಲ್ಲ ಸಾರ್, ಬಿಡಿ,” ಎಂದರು. ಅವರ ಬಾಯಿಂದ ನನ್ನದೇ ದನಿ ಬಂದ ಹಾಗಾಯಿತು. ಬಳಸಬೇಡಿ ಎಂಬ ಬೋರ್ಡು ತಗುಲಿಸಿ, ಬೀಗ ಹಾಕಿ, ಮೆಟ್ಟಿಲಿಳಿದು ನೇರ ಮನೆಗೆ ಹೋದೆ. ಸಾಹೇಬನನ್ನು ವ್ಯಾನಿಗೆ ಹತ್ತಿಸಿ ಪಶುವೈದ್ಯೆಯ ಹತ್ತಿರ ಕರೆದುಕೊಂಡು ಹೋದೆ. ಉಂಡೆಯ ದವಡೆಗೆ ತಂತಿ ಕಟ್ಟಿದವರೂ ಅವರೇ ಎಂದು ಅಲ್ಲೇ ಗೊತ್ತಾಯಿತು.

ಅವರು ಸಾಹೇಬನ ಹಿಂಗಾಲು ಮಡಿಸಿ ನೋಡಿದರು, ಎಕ್ಸ್‌ರೇ ತೆಗೆಸಿದರು. ಸೊಂಟದ ಕೀಲು ಸವೆದಿದೆ, ವರ್ಷದಿಂದ ನೋವು ತಿನ್ನುತ್ತಿದ್ದಾನೆ ಎಂದರು. ಯಾರಾದರೂ ಮೈಗೆ ತಾಗುವ ಮೊದಲೇ ತಾನೇ ನುಗ್ಗುವುದು ಅದಕ್ಕೇ ಇರಬಹುದಂತೆ. “ಇದು ಕಾರಣ, ನೆಪ ಅಲ್ಲ,” ಎಂದೂ ಸೇರಿಸಿದರು. ಗುರ್ ಎಂದರೆ ಹೊಡೆಯುತ್ತಿದ್ದೆ ಎಂದಾಗ ಬರೆಯುವುದನ್ನು ನಿಲ್ಲಿಸಿ ನನ್ನತ್ತ ನೋಡಿದರು. “ಹತ್ರ ಬರಬೇಡ ಅಂತ ಅದು ಹೇಳೋದೇ ಹಾಗೆ. ನೀವು ಹೊಡೆದು ಹೊಡೆದು ಆ ಮಾತು ನಿಲ್ಲಿಸಿದ್ರಿ. ಇನ್ನು ಅದಕ್ಕೆ ಉಳಿದಿದ್ದು ಹಲ್ಲು ಮಾತ್ರ.”

ಅವನನ್ನು ಬೇರೆ ಯಾರಿಗಾದರೂ ಕೊಟ್ಟುಬಿಡಿ ಎಂದು ಸಲಹೆ ಕೊಟ್ಟವರಿದ್ದರು. ಕೊಡುವುದಿಲ್ಲ. ನನ್ನ ತಪ್ಪನ್ನು ಇನ್ನೊಬ್ಬರ ಮನೆಗೆ ಸಾಗಿಸಿದ ಹಾಗಾಗುತ್ತದೆ. ಅವನಿಗೆ ನೋವಿನ ಔಷಧಿ ನಡೆಯುತ್ತಿದೆ. ಬಾಯಿಗೆ ಹಾಕುವ ಕುಕ್ಕೆ ಅಭ್ಯಾಸ ಮಾಡಿಸಲು ಹತ್ತೊಂಬತ್ತು ದಿನ ಹಿಡಿಯಿತು. ಬುಟ್ಟಿಯಂಥದ್ದು, ನೀರು ಕುಡಿಯಬಹುದು, ಬಾಯಿ ತೆರೆದು ಉಸಿರಾಡಬಹುದು. ಅದರೊಳಗೆ ಬೆಂದ ಮೊಟ್ಟೆ ಸವರಿ, ಅವನಾಗಿಯೇ ಮೂತಿ ತೂರಿಸುವವರೆಗೆ ನೆಲದ ಮೇಲೆ ಕೂತು ಕಾದೆ. ಈಗ ಕಾಲುವೆಯ ದಂಡೆಯಲ್ಲಿ ಗಿಡ್ಡ ಹಗ್ಗ ಹಿಡಿದು ನಡೆಸುತ್ತೇನೆ. ಜನ ರಸ್ತೆಯ ಆ ಬದಿಗೆ ಹೋಗುತ್ತಾರೆ. ಹೋಗಲಿ. ಗುರ್ ಎಂದರೆ ಈಗ ಗದರುವುದಿಲ್ಲ, ದೂರ ಕರೆದುಕೊಂಡು ಹೋಗುತ್ತೇನೆ. ಮೊನ್ನೆ ಒಂದು ಸೈಕಲ್ಲಿಗೆ ಗುರ್ ಎಂದ. ನನಗೆ ಸಂತೋಷವಾಯಿತು ಎಂದರೆ ನೀವು ನಂಬುತ್ತೀರೋ ಇಲ್ಲವೋ.

ಹೋದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ಹದಿನಾಲ್ಕು ಜನ ಸೇರಿದ್ದಾಗ ಒಬ್ಬನೇ ಹೋದೆ. ಫೋನು, ಹತ್ತು ಸೆಕೆಂಡು, ನಗು, ಸುಳ್ಳು, ಒಂದನ್ನೂ ಬಿಡದೆ ಹೇಳಿದೆ.

ಅಧ್ಯಕ್ಷರಿಗೆ ಕಸಿವಿಸಿಯಾಯಿತು. “ಆಗಿದ್ದು ಆಗೋಯ್ತು. ಈಗ್ಯಾಕೆ ಅದನ್ನೆಲ್ಲ ಕೆದಕ್ತೀರಿ?”

“ಬೋರ್ಡು ಇನ್ನೂ ಅಲ್ಲೇ ಇದೆಯಲ್ಲ ಸಾರ್, ಅದಕ್ಕೆ.”

“ಹಾಗಾದ್ರೆ ನಿಮ್ಮ ನಾಯಿ ಒಳಗೆ ಬರೋ ಹಾಗಿಲ್ಲ,” ಎಂದರು ಹಿಂದಿನಿಂದ ಯಾರೋ.

“ಬರಲ್ಲ. ಇವತ್ತಿಂದ ಅಲ್ಲ, ಅವತ್ತಿಂದಲೇ ಬಂದಿಲ್ಲ. ಇನ್ನು ಮುಂದೆಯೂ ಬರಲ್ಲ.”

ಆಮೇಲೆ ಮಚ್ಚೆಯ ತಾತ ಕೋಲು ಊರಿಕೊಂಡು ಎದ್ದರು. “ನಾನೂ ಕಂಡಿದ್ದೆ. ದೊಡ್ಡ ಗಲಾಟೆ ಯಾಕೆ ಅಂತ ಸುಮ್ಮನಿದ್ದೆ. ನನಗೂ ನಾಚಿಕೆ ಆಗ್ಬೇಕು,” ಎಂದು ನೆಟ್ಟಗೆ ಗೇಟಿಗೆ ಹೋಗಿ ಬೋರ್ಡಿನ ತಂತಿ ಬಿಚ್ಚತೊಡಗಿದರು. ಅವರ ಬೆರಳಿಗೆ ಆಗಲಿಲ್ಲ, ನಾನು ಇಕ್ಕುಳ ತಂದು ಕತ್ತರಿಸಿದೆ.

ಆಮೇಲೆ ಮೈದಾನವನ್ನು ನೋಡಿಕೊಳ್ಳುವ ಉದ್ಯಾನದ ಕಚೇರಿಗೆ ನಾಲ್ಕು ಸಲ ಅಲೆದು ಒಪ್ಪಿಗೆ ಪಡೆದೆ. ಮೈದಾನದ ಪೂರ್ವದ ಮೂಲೆಯನ್ನು ಮರಿಗಳಿಗೆ, ಸಣ್ಣ ನಾಯಿಗಳಿಗೆ ಎಂದು ಬೇರೆ ಮಾಡಿ ಬೇಲಿ ಹಾಕಿದ್ದೇವೆ. ಕೆಳಗೆ ಮೂತಿ ತೂರದಂತೆ ಹಲಗೆ ಹೊಡೆದಿದ್ದೇನೆ. ಬಾಗಿಲು ಎರಡು, ಹೊರಗಿನದು ಸರಿಯಾಗಿ ಮುಚ್ಚದೆ ಒಳಗಿನದು ತೆರೆಯುವುದಿಲ್ಲ, ಅದು ನಮ್ಮ ಲಿಫ್ಟಿನವರ ಬುದ್ಧಿ. ಮೂಲೆಗಳನ್ನು ದುಂಡಗೆ ಮಾಡಿಸಿದ್ದೇನೆ, ಯಾವ ಮರಿಯೂ ಸಿಕ್ಕಿಹಾಕಿಕೊಳ್ಳಬಾರದು. ಸಂಜೆ ಕೆಲಸ ಮುಗಿಸಿ ಅಲ್ಲಿ ನಿಲ್ಲುತ್ತೇನೆ. ಹೊಸದಾಗಿ ಬರುವವರಿಗೆ, ಫೋನ್ ಜೇಬಿಗಿಡಿ, ನಾಯಿಯ ಬಾಯಿ ನೋಡಿ, ಬಾಲ ನೋಡಿ, ಅದು ಗಟ್ಟಿಯಾಗಿ ನಿಂತರೆ ಕಾಯಬೇಡಿ, ಕರೆಯಿರಿ ಎನ್ನುತ್ತೇನೆ. ಕೆಲವರು ಇವನ್ಯಾವನು ಎಂಬಂತೆ ನೋಡುತ್ತಾರೆ. ಮೂವತ್ತೆಂಟು ಕಿಲೋದವನ ಅಪ್ಪ ಎನ್ನುತ್ತೇನೆ, ಆಗ ನಿಂತು ಕೇಳುತ್ತಾರೆ.

ಕ್ಷಮಿಸಿ ಎಂದು ಬರೆಯಲು ಕೂತವನಲ್ಲ ನಾನು. ಅದು ನೀವು ಕೊಟ್ಟರೆ ಉಂಟು, ಕೇಳುವ ಮುಖ ನನಗಿಲ್ಲ. ಬರೆಯಲು ಕಾರಣ ಬೇರೆ. ನಿನ್ನೆ ಸಾಹೇಬನ ಔಷಧಿಗೆ ಹೋದಾಗ, ನಿಮಗೊಂದು ಪತ್ರ ಬರೆಯಲೇ ಎಂದು ವೈದ್ಯೆಯನ್ನು ಕೇಳಿದೆ. ಉಂಡೆಯ ಗಾಯ ಮಾಗಿದೆ, ಆದರೆ ಈಗ ಯಾವ ನಾಯಿ ಕಂಡರೂ ನಡುಗುತ್ತದೆ ಎಂದರು. ತಡೆದು ತಡೆದು ಇನ್ನೊಂದು ಮಾತು ಹೇಳಿದರು. ಪ್ರತಿ ಸಲ ಬಂದಾಗಲೂ ನೀವು ಒಂದೇ ಪ್ರಶ್ನೆ ಕೇಳುತ್ತೀರಂತೆ: “ನಾನೇ ಅವಸರ ಮಾಡಿದೆನಾ ಡಾಕ್ಟ್ರೇ? ನಾನೇ ಏನಾದ್ರೂ ತಪ್ಪು ಮಾಡಿದೆನಾ?”

ಅದಕ್ಕೆ ಉತ್ತರ ಹೇಳಬೇಕಾದವರು ವೈದ್ಯೆ ಅಲ್ಲ. ಅವರು ಅಲ್ಲಿರಲಿಲ್ಲ. ನಾನಿದ್ದೆ. ಮೊದಲಿನಿಂದ ಕೊನೆಯವರೆಗೆ ಕಣ್ಣಾರೆ ಕಂಡವನು ನಾನು. ಇಲ್ಲ ಅಕ್ಕಾ. ನೀವು ಅವಸರ ಮಾಡಲಿಲ್ಲ. ತಿಂಡಿ ಕೈಯಲ್ಲಿರಲಿಲ್ಲ. ಮರಿ ಯಾರ ಮೇಲೂ ಬೀಳಲಿಲ್ಲ. ಅಂದು ಆ ಬೇಲಿಯೊಳಗೆ ಮಾಡಬೇಕಾದ್ದನ್ನೆಲ್ಲ ಮಾಡಿದವರು ನೀವೊಬ್ಬರೇ. ಇದನ್ನು ಬೇರೆ ಹಾಳೆಯಲ್ಲಿ ಬರೆದು, ನನ್ನ ಪೂರ್ತಿ ಹೆಸರು, ವಿಳಾಸ ಹಾಕಿ, ಸಹಿ ಮಾಡಿ ಜೊತೆಗಿಟ್ಟಿದ್ದೇನೆ. ಯಾರು ಕೇಳಿದರೂ ತೋರಿಸಿ. ಯಾರೂ ಕೇಳದಿದ್ದರೂ, ಮನಸ್ಸು ಆ ಪ್ರಶ್ನೆ ಎತ್ತಿದಾಗ ನೀವೇ ತೆಗೆದು ಓದಿಕೊಳ್ಳಿ.

ಉಂಡೆಯ ನಡುಕ ಇಳಿಯಲಿ. ಅದರ ನಿದ್ದೆ ಮತ್ತೆ ಗಾಢವಾಗಲಿ. ನಿಮ್ಮ ಮನಸ್ಸೂ ಹಗುರಾಗಲಿ.

ಇಂತಿ,
ಆ ದಿನ ಎಲ್ಲವನ್ನೂ ನೋಡಿದವನು,
ಸಾಹೇಬನ ಅಪ್ಪ